ಹಲ್ಲಿನ ಕ್ಲಿಪ್ಪು, ಚೀಟಿ ಎತ್ತುವುದು ಮತ್ತು ಹೆಬ್ಬೆಟ್ಟಿನ ಗುರುತು

(ಶಾಲಾ ಮಕ್ಕಳ ತಂದೆತಾಯಿಗಳ ಸಭೆಯಲ್ಲಿ ನಮ್ಮ ಬ್ಲಾಕಿನ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ನಾನು ತಮ್ಮ ಮುಂದೆ ನಿಂತರೆ ಬೀಜೋಪಚಾರ, ಮಣ್ಣು ಪರೀಕ್ಷೆ, ಇಲ್ಲವೇ ಗೊಬ್ಬರದ ಗುಂಡಿಯ ಮಾತು ಬರುವುದೆಂದು ತಾವೆಲ್ಲ ಬಲ್ಲಿರಿ. ಇಂದು ಹಲ್ಲಿನ ವಿಚಾರ ಹೇಳಬೇಕೆಂದು ಮುಖ್ಯೋಪಾಧ್ಯಾಯರ ಅಪ್ಪಣೆಯಾಗಿದೆ. ನಾನು ಹಲ್ಲಿನ ಡಾಕ್ಟರಲ್ಲ. ಓದಿದ್ದು ಕೃಷಿ ಡಿಪ್ಲೊಮಾ. ಆದರೂ ಒಪ್ಪಿಕೊಂಡೆ. ಏಕೆಂದರೆ ಈ ವಿಷಯದ ಅರ್ಧಭಾಗ ಹುಟ್ಟಿದ್ದೇ ಹೊಲದಲ್ಲಿ. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಮುಂದಿನ ವಾರ ದಂತ ವೈದ್ಯ ಕಾಲೇಜೊಂದರ ಡಾಕ್ಟರುಗಳು ನಮ್ಮ ಶಾಲೆಗೆ ಬಂದು ಮಕ್ಕಳ ಹಲ್ಲು ನೋಡಲಿದ್ದಾರೆ. ಅದಕ್ಕೆ ಮುಂಚಿತವಾಗಿ ಮಕ್ಕಳ ಕೈಯಲ್ಲಿ ಮನೆಮನೆಗೂ ಒಂದು ಕಾಗದ ಬಂದಿದೆ. ಹಲ್ಲು ನೋಡುವುದಕ್ಕೆ ಯಾರ ತಕರಾರೂ ಇಲ್ಲ. ಆದರೆ ಎರಡನೆಯ ಹಾಳೆಯಲ್ಲಿ 'ಸಂಶೋಧನೆ' ಎಂಬ ಮಾತಿದೆ. ಉಬ್ಬು ಹಲ್ಲಿರುವ ಕೆಲವು ಮಕ್ಕಳಿಗೆ ಕ್ಲಿಪ್ಪು ಹಾಕಲಾಗುವುದೆಂದೂ, ಯಾವ ಮಗುವಿಗೆ ಯಾವ ಬಗೆಯ ಕ್ಲಿಪ್ಪು ಎಂಬುದನ್ನು ಚೀಟಿ ಎತ್ತಿದ ರೀತಿಯಲ್ಲಿ ತೀರ್ಮಾನಿಸಲಾಗುವುದೆಂದೂ ಬರೆದಿದೆ. ಕೆಳಗೆ ತಂದೆಯ ಅಥವಾ ತಾಯಿಯ ಸಹಿಗೆ ಜಾಗ ಬಿಟ್ಟಿದೆ. ಇದರಿಂದ ಊರಿನಲ್ಲಿ ಸ್ವಲ್ಪ ಗುಲ್ಲೆದ್ದಿದೆ. ಅರಳಿಕಟ್ಟೆಯ ಬಳಿ ಒಬ್ಬ ಅಜ್ಜಿ ನನ್ನನ್ನು ತಡೆದು, "ಇದಕ್ಕೆ ಹೆಬ್ಬೆಟ್ಟು ಒತ್ತಿದರೆ ಪಹಣಿಗೆ ಏನಾದರೂ ಬಂದೀತೇ ಸ್ವಾಮಿ?" ಎಂದು ಕೇಳಿದರು. ಇನ್ನೊಬ್ಬ ಯಜಮಾನರು, "ಚೀಟಿ ಎತ್ತುವುದು ಚೀಟಿ ದುಡ್ಡಿಗೆ ಸರಿ, ಮಕ್ಕಳ ಬಾಯಿಗೆ ಏಕೆ?" ಎಂದರು. ಎರಡೂ ನ್ಯಾಯವಾದ ಪ್ರಶ್ನೆಗಳು.

ಇವಲ್ಲದೆ ಮೂರನೆಯ ಸಂಗತಿಯೊಂದಿದೆ. ನಮ್ಮ ರೈತರೊಬ್ಬರ ಮಗಳಿಗೆ ಎಂಟು ವರ್ಷ. ಮೇಲಿನ ಮುಂದಿನ ಹಲ್ಲುಗಳು ಉಬ್ಬಿವೆ. "ಈಗಲೇ ಕ್ಲಿಪ್ಪು ಹಾಕಿಸದಿದ್ದರೆ ದವಡೆ ಹೀಗೆಯೇ ನಿಂತುಹೋಗುತ್ತದೆ, ಆಮೇಲೆ ಏನು ಮಾಡಿದರೂ ಆಗದು" ಎಂದು ಪೇಟೆಯಲ್ಲಿ ಯಾರೋ ಹೇಳಿದರಂತೆ. ಹತ್ತಾರು ಸಾವಿರ ರೂಪಾಯಿಯ ಬಾಬ್ತು. ಕರೆಯುವ ಹಸುವನ್ನು ಮಾರಲು ಅವರು ಗಿರಾಕಿ ನೋಡಿದ್ದಾರೆ. ಅವರ ಹೆಸರು ಹೇಳುವುದಿಲ್ಲ, ಆದರೆ ಈ ಮಾತುಗಳಲ್ಲಿ ಮುಕ್ಕಾಲು ಪಾಲು ಅವರ ಸಲುವಾಗಿಯೇ ಇದೆ.

ಮೊದಲು ಚೀಟಿ ಎತ್ತುವ ವಿಚಾರ. ಹೊಸ ರಾಗಿ ತಳಿ ಬಂದಾಗ ನಾವು ಪ್ರಾತ್ಯಕ್ಷಿಕೆ ತಾಕು ಹಾಕುವುದನ್ನು ತಾವು ನೋಡಿದ್ದೀರಿ. ಹೊಸ ತಳಿ ಒಂದು ಕಡೆ, ಹಳೆಯ ತಳಿ ಪಕ್ಕದಲ್ಲಿ. ಪಕ್ಕದಲ್ಲಿ ಹಳೆಯದೇಕೆ? ಹೊಸದನ್ನು ಮಾತ್ರ ಬಿತ್ತಿ, "ನೋಡಿ, ಎಷ್ಟು ಚೆನ್ನಾಗಿ ಬಂದಿದೆ" ಎಂದರೆ ತಾವು ಒಪ್ಪುವುದಿಲ್ಲ. "ಈ ವರ್ಷ ಮಳೆ ಚೆನ್ನಾಗಿತ್ತು, ಯಾವುದನ್ನು ಬಿತ್ತಿದ್ದರೂ ಬರುತ್ತಿತ್ತು" ಎನ್ನುವಿರಿ. ಆ ಮಾತು ಸರಿ. ಮಳೆ ಎರಡು ತಾಕಿಗೂ ಒಂದೇ. ಆದುದರಿಂದ ಎರಡರ ನಡುವೆ ಉಳಿದ ಅಂತರವೇ ತಳಿಯ ಗುಣ.

ಇನ್ನೂ ಒಂದು ಸೂಕ್ಷ್ಮವಿದೆ. ಹೊಸ ಗೊಬ್ಬರವನ್ನು ಕೆರೆಯ ಹಿಂದಿನ ಕಪ್ಪು ಮಣ್ಣಿಗೆ ಹಾಕಿ, ಹಳೆಯದನ್ನು ದಿಣ್ಣೆಯ ಮೇಲಿನ ಮರಳು ಭೂಮಿಗೆ ಹಾಕಿ ಹೋಲಿಸಿದರೆ ಅದು ಹೋಲಿಕೆಯೇ ಅಲ್ಲ. ಬೇಕೆಂದೇ ಯಾರೂ ಹಾಗೆ ಮಾಡಲಿಕ್ಕಿಲ್ಲ. ಆದರೆ ಕೈ ತಾನಾಗಿಯೇ ಒಳ್ಳೆಯ ಜಾಗದ ಕಡೆ ಹೋಗುತ್ತದೆ. ಹೊಸದರ ಮೇಲೆ ಮಮತೆ ಇರುವವನಿಗೆ ಇದು ಗೊತ್ತೇ ಆಗುವುದಿಲ್ಲ. ಇಂಗ್ಲೆಂಡಿನಲ್ಲಿ ರೋಥಾಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾ ಕೇಂದ್ರವಿದೆ. ಅಲ್ಲಿ 1843ರಿಂದ ಗೋಧಿಯ ಹೊಲದಲ್ಲಿ ಗೊಬ್ಬರದ ಪ್ರಯೋಗ ನಡೆದುಬಂದಿದೆ. 1919ರಲ್ಲಿ ಆರ್.ಎ. ಫಿಷರ್ ಎಂಬ ಗಣಿತಜ್ಞರು ಆ ಕೇಂದ್ರಕ್ಕೆ ಸೇರಿ, ಹಳೆಯ ಲೆಕ್ಕದ ಪುಸ್ತಕಗಳನ್ನೆಲ್ಲ ತಿರುವಿಹಾಕಿ ಒಂದು ಮಾತು ಹೇಳಿದರು: ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ಮನುಷ್ಯ ಆರಿಸಬಾರದು, ಚೀಟಿ ಆರಿಸಬೇಕು. ಆಗ ಒಳ್ಳೆಯ ಮಣ್ಣು, ಕೆಟ್ಟ ಮಣ್ಣು, ನೆರಳು, ಇಲಿಯ ಬಿಲ ಎಲ್ಲವೂ ಎರಡು ಕಡೆಗೂ ಸುಮಾರಾಗಿ ಸಮನಾಗಿ ಹಂಚಿಹೋಗುತ್ತವೆ. ಇದನ್ನು ವಿವರಿಸಿದ ಅವರ ಪುಸ್ತಕ 1935ರಲ್ಲಿ ಬಂತು. ನಾವು ಡಿಪ್ಲೊಮಾದಲ್ಲಿ ಓದಿದ ಪ್ರಯೋಗದ ಪಾಠವೆಲ್ಲ ಅಲ್ಲಿಂದ ಬಂದದ್ದೇ.

ಹೊಲದ ಈ ಪದ್ಧತಿಯನ್ನು ವೈದ್ಯರು ಆಮೇಲೆ ಎತ್ತಿಕೊಂಡರು. 1948ರಲ್ಲಿ ಇಂಗ್ಲೆಂಡಿನಲ್ಲಿ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಔಷಧ ಸಾಲದಷ್ಟು ಸ್ವಲ್ಪವೇ ಇತ್ತು. ಚೀಟಿಯ ರೀತಿಯಲ್ಲಿ 55 ರೋಗಿಗಳಿಗೆ ಔಷಧವೂ ಹಾಸಿಗೆಯ ವಿಶ್ರಾಂತಿಯೂ, 52 ರೋಗಿಗಳಿಗೆ ವಿಶ್ರಾಂತಿ ಮಾತ್ರವೂ ದೊರೆತವು. ಆರು ತಿಂಗಳಲ್ಲಿ ಮೊದಲನೆಯ ಗುಂಪಿನಲ್ಲಿ 4 ಮಂದಿ, ಎರಡನೆಯದರಲ್ಲಿ 14 ಮಂದಿ ತೀರಿಕೊಂಡರು. ಇದರ ಮೇಲೆ ವಾದಕ್ಕೆ ಜಾಗವೇ ಉಳಿಯಲಿಲ್ಲ. ನಮ್ಮ ದೇಶದಲ್ಲಿಯೂ 1956ರಿಂದ ಮದರಾಸಿನಲ್ಲಿ ಇಂಥದೇ ಪರೀಕ್ಷೆ ನಡೆಯಿತು. ಕ್ಷಯರೋಗಿಗಳನ್ನು ಆಸ್ಪತ್ರೆಯಲ್ಲಿಯೇ ಇಟ್ಟುಕೊಳ್ಳಬೇಕೇ, ಮನೆಯಲ್ಲಿದ್ದು ಮಾತ್ರೆ ತೆಗೆದುಕೊಂಡರೆ ಸಾಕೇ ಎಂಬುದು ಪ್ರಶ್ನೆ. ಮನೆಯಲ್ಲಿದ್ದವರೂ ಅಷ್ಟೇ ಚೆನ್ನಾಗಿ ಗುಣ ಹೊಂದಿದರೆಂದು 1959ರಲ್ಲಿ ತಿಳಿದುಬಂತು. ಆ ಒಂದು ಪರೀಕ್ಷೆಯಿಂದ ಎಷ್ಟು ಬಡ ಸಂಸಾರಗಳು ಉಳಿದುಕೊಂಡವೋ ಲೆಕ್ಕವಿಲ್ಲ.

ಚೀಟಿ ಎತ್ತುವುದೆಂದರೆ ಮಕ್ಕಳೊಂದಿಗೆ ಜೂಜಾಡುವುದಲ್ಲ ಎಂಬುದಕ್ಕೆ ಇಷ್ಟು ಹೇಳಿದೆ. ಎರಡು ಬಗೆಯ ಚಿಕಿತ್ಸೆಯಲ್ಲಿ ಯಾವುದು ಮೇಲು ಎಂದು ನಿಜವಾಗಿಯೂ ತಿಳಿಯದಿದ್ದಾಗ ಮಾತ್ರ ಚೀಟಿ ಎತ್ತಬಹುದು. ಒಂದು ಒಳ್ಳೆಯದೆಂದು ಮೊದಲೇ ಗೊತ್ತಿದ್ದು, ಕೆಲವರಿಗೆ ಬೇಕೆಂದೇ ಕೆಟ್ಟದ್ದನ್ನು ಕೊಟ್ಟರೆ ಅದು ಪ್ರಯೋಗವಲ್ಲ, ಅನ್ಯಾಯ.

ಈಗ ಹಲ್ಲಿಗೆ ಬರೋಣ. ಹಲ್ಲು ಮೂಳೆಯಲ್ಲಿ ಗೂಟ ಬಡಿದ ಹಾಗೆ ಕುಳಿತಿದೆ ಎಂದು ನಾವು ತಿಳಿದಿದ್ದೇವೆ. ಹಾಗಿಲ್ಲ. ಬೇರಿಗೂ ಮೂಳೆಗೂ ನಡುವೆ ಮಿಲಿಮೀಟರಿನ ಕಾಲುಭಾಗದಷ್ಟು ತೆಳುವಾದ ನಾರಿನ ಪದರವೊಂದಿದೆ. ಹಲ್ಲನ್ನು ಮೆಲ್ಲಗೆ, ಬಿಡದೆ ಒಂದು ಕಡೆ ತಳ್ಳುತ್ತಿದ್ದರೆ ಒತ್ತಿದ ಕಡೆ ಮೂಳೆ ಕರಗುತ್ತದೆ, ಹಿಂದೆ ಬಿಟ್ಟ ಕಡೆ ಹೊಸ ಮೂಳೆ ಬೆಳೆಯುತ್ತದೆ. ಹೀಗೆ ಹಲ್ಲು ತನ್ನ ಗುಳಿಯ ಸಮೇತ ಜರುಗುತ್ತದೆ. ಸ್ವೀಡನ್ ದೇಶದ ಸ್ಯಾಂಡ್‌ಸ್ಟೆಡ್ ಎಂಬುವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ನಾಯಿಗಳ ಹಲ್ಲಿನಲ್ಲಿ ಇದನ್ನು ಸೂಕ್ಷ್ಮದರ್ಶಕದ ಮೂಲಕ ಕಂಡಿದ್ದರು. ವೇಗ ತಿಂಗಳಿಗೆ ಸುಮಾರು ಒಂದು ಮಿಲಿಮೀಟರು, ಅಷ್ಟೇ. ಬೇಗ ಆಗಲೆಂದು ಬಿಗಿಯಾಗಿ ಎಳೆದರೆ ಅಲ್ಲಿನ ರಕ್ತ ನಿಂತು ಕೆಲಸ ಇನ್ನಷ್ಟು ತಡವಾಗುತ್ತದೆ, ಬೇರಿಗೂ ಕೇಡು. ಎಳೆಯ ಅಡಿಕೆ ಸಸಿ ಓರೆಯಾಗಿದ್ದರೆ ಕೋಲು ನೆಟ್ಟು ಸಡಿಲವಾಗಿ ಕಟ್ಟುವಿರೇ ಹೊರತು ಒಂದೇ ದಿನ ಹಗ್ಗ ಹಾಕಿ ಜಗ್ಗುವುದಿಲ್ಲವಷ್ಟೆ. ಈ ಕಾರಣದಿಂದಲೇ ಪೂರ್ಣ ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ಹಿಡಿಯುತ್ತದೆ. ಆರು ವಾರದಲ್ಲಿ ಹಲ್ಲು ನೇರ ಮಾಡಿಕೊಡುತ್ತೇನೆ ಎಂದು ಹೇಳುವವನ ಅಂಗಡಿಯಿಂದ ತಾವು ಎದ್ದು ಬರಬಹುದು.

ಹಲ್ಲುಗಳ ಜೋಡಣೆಯನ್ನು ವರ್ಗ ಮಾಡಿ ಹೆಸರಿಟ್ಟವರು ಅಮೆರಿಕದ ಎಡ್ವರ್ಡ್ ಆಂಗಲ್ ಎಂಬ ದಂತ ವೈದ್ಯರು, 1899ರಲ್ಲಿ. ಮೇಲಿನ ದವಡೆಗೆ ಹೋಲಿಸಿದರೆ ಕೆಳಗಿನದು ಹಿಂದೆ ಉಳಿದು, ಮೇಲಿನ ಮುಂದಿನ ಹಲ್ಲುಗಳು ಚಾಚಿಕೊಂಡಿರುವುದು ಅವರ ಎರಡನೆಯ ವರ್ಗ. ನಮ್ಮ ಮಾತಿನಲ್ಲಿ ಉಬ್ಬು ಹಲ್ಲು. ಮೇಲಿನ ಹಲ್ಲು ಕೆಳಗಿನದಕ್ಕಿಂತ ಎರಡು ಮೂರು ಮಿಲಿಮೀಟರ್ ಮುಂದಿರುವುದು ಸಹಜ. ಏಳು, ಎಂಟು, ಹತ್ತು ಆದರೆ ತುಟಿ ಮುಚ್ಚುವುದು ಕಷ್ಟ.

ಇಂಥ ಮಕ್ಕಳಿಗೆ ಎಂಟೊಂಬತ್ತನೆಯ ವಯಸ್ಸಿಗೇ ಕ್ಲಿಪ್ಪು ಹಾಕಿ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಟ್ಟರೆ ದವಡೆ ಬೆಳೆದು ಸರಿಹೋಗುತ್ತದೆ ಎಂಬ ನಂಬಿಕೆ ಡಾಕ್ಟರುಗಳಲ್ಲಿಯೂ ಬಹುಕಾಲ ಇತ್ತು. ನಂಬುವುದಕ್ಕೆ ಕಾರಣವೂ ಇತ್ತು. ಎಂಟಕ್ಕೆ ಹಾಕಿ ಹತ್ತಕ್ಕೆ ನೋಡಿದರೆ ದವಡೆ ಬೆಳೆದಿರುತ್ತಿತ್ತು. ಆದರೆ, ಬಾಂಧವರೇ, ಎಂಟರಿಂದ ಹತ್ತಕ್ಕೆ ಬಂದ ಮಗುವಿನ ದವಡೆ ಕ್ಲಿಪ್ಪು ಇಲ್ಲದಿದ್ದರೂ ಬೆಳೆಯುವುದಿಲ್ಲವೇ? ಮಳೆ ಚೆನ್ನಾಗಿ ಆದ ವರ್ಷ ಹೊಸ ತಳಿಯನ್ನು ಹೊಗಳಿದ ಹಾಗೆಯೇ ಇದೂ. ಪಕ್ಕದಲ್ಲಿ ಕ್ಲಿಪ್ಪಿಲ್ಲದ ತಾಕು ಇರಲಿಲ್ಲ.

ಆ ತಾಕನ್ನು ಹಾಕಿದವರು ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯದ ದಂತ ವೈದ್ಯರು. 1980ರ ದಶಕದ ಕೊನೆಯಲ್ಲಿ ಕೆಲಸ ಆರಂಭವಾಯಿತು. ಹಲ್ಲು ಏಳು ಮಿಲಿಮೀಟರ್ ಅಥವಾ ಹೆಚ್ಚು ಚಾಚಿದ ನೂರ ಅರವತ್ತಕ್ಕೂ ಮೇಲ್ಪಟ್ಟು ಮಕ್ಕಳನ್ನು ಚೀಟಿಯ ರೀತಿಯಲ್ಲಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ತಲೆಗೆ ಪಟ್ಟಿ ಕಟ್ಟಿ ಹಿಂದಕ್ಕೆ ಎಳೆಯುವ ಸಾಧನ, ಇನ್ನೊಂದಕ್ಕೆ ಬಾಯೊಳಗಿಟ್ಟುಕೊಳ್ಳುವ ಕ್ಲಿಪ್ಪು, ಮೂರನೆಯದಕ್ಕೆ ಏನೂ ಇಲ್ಲ, ನೋಡುತ್ತಿರುವುದು ಮಾತ್ರ. ಹದಿನೈದು ತಿಂಗಳು ಕಳೆದ ಮೇಲೆ ಅಳೆದರು. ಸಾಧನ ಹಾಕಿದ ಎರಡು ಗುಂಪಿನ ಮಕ್ಕಳು ಮುಂದಿದ್ದರು! ಅಲ್ಲಿಗೇ ಅಳತೆ ನಿಲ್ಲಿಸಿದ್ದರೆ ಬೇಗ ಹಾಕಿಸುವುದೇ ಸರಿ ಎಂದು ಎಲ್ಲರೂ ಬರೆದುಕೊಳ್ಳುತ್ತಿದ್ದರು.

ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಹಲ್ಲೆಲ್ಲ ಬಿದ್ದು ಹುಟ್ಟಿದ ಮೇಲೆ, ಹದಿಹರೆಯದಲ್ಲಿ, ಮೂರು ಗುಂಪಿನವರಿಗೂ ಮಾಮೂಲಿನ ತಂತಿಯ ಚಿಕಿತ್ಸೆ ಮಾಡಿ ಮುಗಿಸಿ ಮತ್ತೆ ಅಳೆದರು. 2004ರಲ್ಲಿ ಕೊನೆಯ ಫಲಿತಾಂಶ ಪ್ರಕಟವಾಯಿತು. ಮೊದಲು ಕಂಡಿದ್ದ ಅಂತರ ಅಳಿಸಿಹೋಗಿತ್ತು. ಎಂಟೊಂಬತ್ತಕ್ಕೆ ಶುರು ಮಾಡಿದವರೂ, ಕಾದು ಒಂದೇ ಸಲ ಮಾಡಿಸಿಕೊಂಡವರೂ ಕೊನೆಗೆ ಒಂದೇ ಮಟ್ಟಕ್ಕೆ ಬಂದು ನಿಂತರು. ಯೂರಿಯಾ ಎರಚಿದ ಹದಿನೈದು ದಿನಕ್ಕೆ ಪೈರು ಕಪ್ಪಿಡುವುದನ್ನು ಕಂಡು ನಾವು ಹಿಗ್ಗುತ್ತೇವೆ. ಕಣದಲ್ಲಿ ತೂಗಿದಾಗ ಪಕ್ಕದವನ ರಾಶಿಯೂ ಅಷ್ಟೇ ಇರುತ್ತದೆ. ಬೆಳೆಯನ್ನು ತೂಗುವುದು ಕಣದಲ್ಲಿ. ಈ ಡಾಕ್ಟರುಗಳ ತಾಳ್ಮೆಯನ್ನು ನಾನು ಬಹಳವಾಗಿ ಮೆಚ್ಚುತ್ತೇನೆ. ಹದಿನೈದು ವರ್ಷ ಕಾಯ್ದು ಕಣದಲ್ಲಿಯೇ ತೂಗಿದರು.

ಒಂದೇ ಊರಿನ ಫಲಿತಾಂಶವನ್ನು ನಂಬುವುದು ಹೇಗೆ ಎಂದು ತಾವು ಕೇಳಬಹುದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಕೆವಿನ್ ಓಬ್ರಯನ್ ಮತ್ತು ಅವರ ಸಂಗಡಿಗರು ಎಂಟರಿಂದ ಹತ್ತು ವರ್ಷದ 174 ಮಕ್ಕಳಲ್ಲಿ, ಹಲವು ಆಸ್ಪತ್ರೆಗಳಲ್ಲಿ, ಬೇರೆ ಬಗೆಯ ಕ್ಲಿಪ್ಪಿನಿಂದ ಇದೇ ಪರೀಕ್ಷೆ ಮಾಡಿದರು. ಅದರ ಹೆಸರು ಟ್ವಿನ್ ಬ್ಲಾಕ್. ಸ್ಕಾಟ್ಲೆಂಡಿನ ಡಾಕ್ಟರೊಬ್ಬರು 1970ರ ದಶಕದಲ್ಲಿ ರೂಪಿಸಿದ್ದು. 2009ರಲ್ಲಿ ಬಂದ ಕೊನೆಯ ಲೆಕ್ಕವೂ ಅದೇ: ಎಂಟೊಂಬತ್ತಕ್ಕೆ ಶುರು ಮಾಡಿದ್ದರಿಂದ, ಸುಮಾರು ಹನ್ನೆರಡೂವರೆಗೆ ಶುರು ಮಾಡಿದವರಿಗಿಂತ ಯಾವ ಹೆಚ್ಚಿನ ಲಾಭವೂ ಇಲ್ಲ, ಬೇಗ ಶುರು ಮಾಡಿದವರು ಆಸ್ಪತ್ರೆಗೆ ಹೆಚ್ಚು ಸಲ ಓಡಾಡಿದರು, ಕ್ಲಿಪ್ಪನ್ನು ಹೆಚ್ಚು ಕಾಲ ಹಾಕಿಕೊಂಡರು. ಊರಿಂದ ಪೇಟೆಗೆ ಬಸ್ಸಿನಲ್ಲಿ ಹೋಗಿ ಬರುವ, ಒಂದು ದಿನದ ಕೂಲಿ ಬಿಡುವ ನಮ್ಮಂಥವರಿಗೆ ಈ ಎರಡನೆಯ ಮಾತು ಸಣ್ಣದಲ್ಲ.

ಹಾಗೆಂದು ಬೇಗ ಮಾಡಿಸುವುದರಲ್ಲಿ ಏನೂ ಇಲ್ಲವೆಂದು ಹೇಳಿದರೆ ನಾನು ಒಂದು ಕಡೆಯ ತಕ್ಕಡಿಯನ್ನು ಒತ್ತಿ ಹಿಡಿದಂತಾಗುತ್ತದೆ. ಎರಡು ಲಾಭಗಳು ಕಂಡಿವೆ. ಒಂದು, ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡಿದಾಗ, ಬೇಗ ಹಲ್ಲು ಹಿಂದಕ್ಕೆ ಸರಿದ ಮಕ್ಕಳಲ್ಲಿ ಬಿದ್ದು ಮುಂದಿನ ಹಲ್ಲು ಮುರಿದುಕೊಳ್ಳುವುದು ಸ್ವಲ್ಪ ಕಡಿಮೆ. ಚಾಚಿದ ಹಲ್ಲಿಗೆ ಪೆಟ್ಟು ಬೇಗ ತಗಲುವುದು ಸಹಜವೇ. ಎರಡನೆಯದು, ಮ್ಯಾಂಚೆಸ್ಟರಿನ ಪರೀಕ್ಷೆಯಲ್ಲಿ ಮೊದಲ ಹಂತದ ಕೊನೆಗೆ ಕ್ಲಿಪ್ಪು ಹಾಕಿದ ಮಕ್ಕಳಿಗೆ ತಮ್ಮ ಬಗ್ಗೆ ಒಳ್ಳೆಯ ಭಾವನೆ ಹೆಚ್ಚಾಗಿತ್ತು, ಇತರರಿಂದ ಪಡುವ ಅವಮಾನ ತಗ್ಗಿತ್ತು. ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು. "ತುರಿಯೋಮಣೆ" ಎಂದು ಅಡ್ಡಹೆಸರಿಟ್ಟು ಕೂಗಿದರೆ ಮಗು ಶಾಲೆಗೆ ಬರಲು ಹಿಂಜರಿಯುತ್ತದೆ. ಆ ಬಾಧೆ ಬಹಳವಾಗಿದ್ದರೆ ಬೇಗ ಹಾಕಿಸಲು ಅದೂ ಒಂದು ಕಾರಣವೇ. ಆದರೆ ಹಾಗೆ ಕೂಗುವ ಮಕ್ಕಳ ತಂದೆತಾಯಿಗಳೂ ಈ ಸಭೆಯಲ್ಲಿ ಕುಳಿತಿದ್ದಾರೆ, ಅದಕ್ಕೆ ಖರ್ಚಿಲ್ಲದ ಮದ್ದು ಅವರ ಕೈಯಲ್ಲಿದೆ.

ಆದುದರಿಂದ ಹಸುವಿನ ವಿಚಾರಕ್ಕೆ ನನ್ನ ಉತ್ತರ ಸ್ಪಷ್ಟ. "ಈಗಲ್ಲದಿದ್ದರೆ ಇನ್ನಿಲ್ಲ" ಎಂಬ ಮಾತು ಬರಿಯ ಉಬ್ಬು ಹಲ್ಲಿನ ಮಟ್ಟಿಗೆ ನಿಜವಲ್ಲ. ಮಗು ಹನ್ನೊಂದು ಹನ್ನೆರಡಕ್ಕೆ ಬರುವ ತನಕ ಕಾದರೆ ಏನೂ ಮುಳುಗಿಹೋಗುವುದಿಲ್ಲ. ಅಷ್ಟರಲ್ಲಿ ಆ ಹಸು ಇನ್ನೆರಡು ಕರು ಹಾಕುತ್ತದೆ. ಆದರೆ ಎಲ್ಲ ತೊಂದರೆಗೂ ಇದೇ ನಿಯಮವೆಂದು ತಿಳಿಯಬೇಡಿ. ಮೇಲಿನ ಹಲ್ಲು ಕೆಳಗಿನದರ ಹಿಂದೆ ಕಚ್ಚಿಕೊಂಡಿದ್ದರೆ, ಅಂದರೆ ಉಲ್ಟಾ ಕಚ್ಚು ಇದ್ದರೆ, ಬೇಗ ತೋರಿಸಬೇಕು. ಕೆಳಗಿನ ಹಲ್ಲು ಮೇಲಂಗುಳನ್ನು ಕಚ್ಚಿ ಗಾಯ ಮಾಡುತ್ತಿದ್ದರೂ ಕಾಯಬಾರದು. ಮಗು ಐದಾರು ವರ್ಷ ದಾಟಿದ ಮೇಲೂ ಹೆಬ್ಬೆರಳು ಚೀಪುತ್ತಿದ್ದರೆ ಆ ಅಭ್ಯಾಸ ಬಿಡಿಸಲು ಈಗಲೇ ಪ್ರಯತ್ನ ಮಾಡಬೇಕು; ಬೆರಳಿಗೆ ಮೆಣಸಿನಕಾಯಿ ಹಚ್ಚಿ ಅಲ್ಲ, ಸಮಾಧಾನದಿಂದ. ಹಾಗೆಯೇ, ಏಳೆಂಟು ವರ್ಷಕ್ಕೆ ಮೇಲಿನ ಎರಡು ಮುಂದಿನ ಹಲ್ಲಿನ ನಡುವೆ ಸಂದು ಕಂಡು ಹೆದರುವವರಿದ್ದಾರೆ. ಹನ್ನೊಂದು ಹನ್ನೆರಡಕ್ಕೆ ಕೋರೆಹಲ್ಲು ಇಳಿದಾಗ ಬಹಳ ಮಕ್ಕಳಲ್ಲಿ ಅದು ತಾನಾಗಿಯೇ ಕೂಡಿಕೊಳ್ಳುತ್ತದೆ.

ಕ್ಲಿಪ್ಪು ತೆಗೆದ ದಿನ ಕೆಲಸ ಮುಗಿಯಿತೆಂದು ತಿಳಿಯುವುದು ಇನ್ನೊಂದು ತಪ್ಪು ಗ್ರಹಿಕೆ. ಹಲ್ಲು ಹಿಂದಿನ ಜಾಗಕ್ಕೆ ಮರಳಲು ನೋಡುತ್ತದೆ. ಅಮೆರಿಕದ ಸಿಯಾಟಲ್ ನಗರದ ವಿಶ್ವವಿದ್ಯಾನಿಲಯದವರು, ಹಲ್ಲು ಕೀಳಿಸಿ ತಂತಿ ಹಾಕಿಸಿಕೊಂಡವರನ್ನು ಹಿಡಿಪಟ್ಟಿ ಬಿಟ್ಟು ಹತ್ತು ವರ್ಷ ಆದ ಮೇಲೆ ಕರೆಸಿ ನೋಡಿದರು. ಕೆಳಗಿನ ಮುಂದಿನ ಹಲ್ಲುಗಳ ಸಾಲು ತೃಪ್ತಿಕರವಾಗಿ ಉಳಿದದ್ದು ನೂರಕ್ಕೆ ಮೂವತ್ತಕ್ಕಿಂತ ಕಡಿಮೆ ಜನರಲ್ಲಿ. ಇದು 1981ರಲ್ಲಿ ಪ್ರಕಟವಾದ ಮಾತು. ಡಾಕ್ಟರುಗಳು ತಮ್ಮ ಕೆಲಸದ ಕುಂದನ್ನು ತಾವೇ ಅಳೆದು ಅಚ್ಚು ಹಾಕಿಸಿದ್ದಾರೆಂಬುದನ್ನು ಗಮನಿಸಿ. ತಂತಿ ತೆಗೆದ ಮೇಲೆ ಹಿಡಿಪಟ್ಟಿಯನ್ನು, ಅಂದರೆ ರಿಟೇನರನ್ನು, ಡಾಕ್ಟರು ಹೇಳಿದಷ್ಟು ಕಾಲ ಹಾಕಿಕೊಳ್ಳಲು ಒಪ್ಪದ ಹುಡುಗನಿಗೆ ಕ್ಲಿಪ್ಪಿನ ಖರ್ಚು ಮಾಡುವುದು ಬೇಲಿಯಿಲ್ಲದೆ ತೋಟ ಹಾಕಿದ ಹಾಗೆ.

ಈಗ ಹೆಬ್ಬೆಟ್ಟಿಗೆ ಬರುತ್ತೇನೆ. ಇದಕ್ಕೆ ಮುಂಚೆ ಒಂದು ಕಹಿ ಸಂಗತಿಯನ್ನು ಹೇಳಬೇಕಾಗಿದೆ.

ಸಿಹಿ ತಿಂದರೆ ಹುಳುಕು ಹಿಡಿಯುತ್ತದೆಂದು ಇಂದು ಎಲ್ಲರೂ ಹೇಳುತ್ತಾರೆ. ಇದು ಖಚಿತವಾಗಿ ಗೊತ್ತಾದದ್ದು ಹೇಗೆ? ಸ್ವೀಡನ್ ದೇಶದ ಲುಂಡ್ ಪಟ್ಟಣದ ಬಳಿ ವಿಪೆಹೋಲ್ಮ್ ಎಂಬ ಸರ್ಕಾರಿ ಆಸ್ಪತ್ರೆಯಿತ್ತು. ಬುದ್ಧಿ ಬೆಳೆಯದ ನೂರಾರು ಜನರನ್ನು ಅಲ್ಲಿ ಇಟ್ಟಿದ್ದರು. ಹಲ್ಲಿನ ಹುಳುಕಿಗೆ ಕಾರಣ ಕಂಡುಹಿಡಿಯಲು ಸರ್ಕಾರದ ಅಪ್ಪಣೆಯಿಂದ 1945ರಲ್ಲಿ ಅಲ್ಲಿ ಪ್ರಯೋಗ ಆರಂಭವಾಯಿತು. ಕೆಲವು ಕಾಲದ ಮೇಲೆ ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ರೀತಿಯಲ್ಲಿ ಸಕ್ಕರೆ ಕೊಡತೊಡಗಿದರು. ಕೆಲವರಿಗೆ ಊಟದೊಂದಿಗೆ, ಕೆಲವರಿಗೆ ಊಟದ ನಡುವಿನ ಹೊತ್ತಿನಲ್ಲಿ ಹಲ್ಲಿಗೆ ಅಂಟುವ ಟಾಫಿ. ಒಂದು ಗುಂಪಿಗೆ ದಿನಕ್ಕೆ ಇಪ್ಪತ್ತನಾಲ್ಕು ಟಾಫಿ! ಆ ಗುಂಪಿನವರ ಹಲ್ಲುಗಳು ನೋಡುನೋಡುತ್ತಿದ್ದಂತೆ ಹಾಳಾದವು. ಅವರನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ 'ಬೇಡ' ಎನ್ನುವ ಶಕ್ತಿ ಅವರಲ್ಲಿ ಬಹುಮಂದಿಗೆ ಇರಲಿಲ್ಲ.

1954ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಕ್ಕರೆಯ ಪ್ರಮಾಣಕ್ಕಿಂತಲೂ ಅದನ್ನು ಎಷ್ಟು ಸಲ, ಯಾವ ಹೊತ್ತಿನಲ್ಲಿ, ಎಷ್ಟು ಅಂಟುವ ರೂಪದಲ್ಲಿ ತಿನ್ನುತ್ತೇವೆ ಎಂಬುದು ಮುಖ್ಯ. ಊಟದೊಂದಿಗೆ ತಿಂದ ಸಿಹಿಯಿಂದ ಹೆಚ್ಚು ಕೇಡಿಲ್ಲ. ಊಟದ ನಡುವೆ ಮತ್ತೆ ಮತ್ತೆ ಬಾಯಾಡಿಸುವ ಅಂಟು ಸಿಹಿಯೇ ಹಲ್ಲಿನ ಶತ್ರು. ಸ್ವೀಡನ್ನಿನ ಮಕ್ಕಳಿಗೆ ಮಿಠಾಯಿಯನ್ನು ಶನಿವಾರ ಮಾತ್ರ ಕೊಡುವ ಪದ್ಧತಿ ಇದರ ಹಿಂದೆಯೇ ಬೆಳೆಯಿತು. ನಮಗೂ ಈ ತಿಳಿವಳಿಕೆಯಿಂದ ಉಪಯೋಗವಿದೆ. ಹಬ್ಬದ ದಿನ ಒಬ್ಬಟ್ಟು ತಿಂದದ್ದರಿಂದ ಹಲ್ಲು ಹೋಗುವುದಿಲ್ಲ. ಶಾಲೆಯ ಮುಂದಿನ ಅಂಗಡಿಯಲ್ಲಿ ಒಂದೊಂದು ರೂಪಾಯಿಗೆ ಬರುವ ಅಂಟುಮಿಠಾಯಿಯನ್ನು ದಿನಕ್ಕೆ ನಾಲ್ಕು ಸಲ ದವಡೆಯಲ್ಲಿಟ್ಟುಕೊಂಡರೆ ಹೋಗುತ್ತದೆ. ಕ್ಲಿಪ್ಪು ಹಾಕಿದ ಬಾಯಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ತಂತಿಯ ಸಂದಿಯಲ್ಲಿ ಸಿಕ್ಕಿದ್ದು ಬೇಗ ಬರುವುದಿಲ್ಲ.

ಉಪಯೋಗವಾಯಿತೆಂದು ಆ ಪ್ರಯೋಗ ನ್ಯಾಯವಾಗುವುದಿಲ್ಲ. ಇನ್ನೊಬ್ಬರ ಹೊಲದ ಬೇಲಿ ಮುರಿದು ಮೇಯಿಸಿದ ದನ ಚೆನ್ನಾಗಿ ಹಾಲು ಕೊಟ್ಟಿತೆಂದು ಬೇಲಿ ಮುರಿದದ್ದು ಸರಿಯಾಗುವುದೇ? ಇಂಥ ಅನ್ಯಾಯಗಳನ್ನು, ಯುದ್ಧಕಾಲದಲ್ಲಿ ಜರ್ಮನಿಯಲ್ಲಿ ನಡೆದ ಇನ್ನೂ ಘೋರವಾದವುಗಳನ್ನು ಕಂಡ ಮೇಲೆಯೇ ಲೋಕದಲ್ಲಿ ಕಟ್ಟಳೆಗಳು ಬಂದವು. 1947ರಲ್ಲಿ ನ್ಯೂರೆಂಬರ್ಗಿನ ನಿಯಮಾವಳಿ, 1964ರಲ್ಲಿ ಹೆಲ್ಸಿಂಕಿಯ ಘೋಷಣೆ. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಿದೆ. ಮನುಷ್ಯನ ಒಪ್ಪಿಗೆಯಿಲ್ಲದೆ ಅವನ ಮೇಲೆ ಪ್ರಯೋಗವಿಲ್ಲ ಎಂಬುದು ಇವೆಲ್ಲದರ ತಿರುಳು.

ತಮ್ಮ ಮನೆಗೆ ಬಂದಿರುವುದು ಆ ಒಪ್ಪಿಗೆಯ ಕಾಗದ. ಅಜ್ಜಿಯವರ ಪ್ರಶ್ನೆಗೆ ಉತ್ತರ ಇದು: ಪಹಣಿಗೂ ಅದಕ್ಕೂ ಸಂಬಂಧವಿಲ್ಲ, ಸಾಲಕ್ಕೂ ಇಲ್ಲ. ಆದರೆ ಸಂಬಂಧವಿಲ್ಲವೆಂದು ಓದದೆ ಒತ್ತಿಬಿಡುವುದೂ ಸಲ್ಲದು. ಆ ಕಾಗದ ಡಾಕ್ಟರ ರಕ್ಷಣೆಗೆ ಇರುವುದಲ್ಲ, ತಮ್ಮ ಮಗುವಿನ ರಕ್ಷಣೆಗೆ ಇರುವುದು.

ತಾವು ಏನೇನು ಕೇಳಬಹುದು? ಈ ಸಂಶೋಧನೆಗೆ ನೀತಿ ಸಮಿತಿಯ ಮಂಜೂರಾತಿ ಆಗಿದೆಯೇ ಎಂದು ಕೇಳಿ. ಆ ಸಮಿತಿಯಲ್ಲಿ ವೈದ್ಯರಲ್ಲದವರೂ ಇರಬೇಕೆಂಬ ನಿಯಮವಿದೆ. ಇಂಥ ಪ್ರಯೋಗಗಳಿಗಾಗಿ 2007ರಿಂದ ನಮ್ಮ ದೇಶದಲ್ಲಿ ಒಂದು ನೋಂದಣಿ ಪುಸ್ತಕವಿದೆ, ಸಿ.ಟಿ.ಆರ್.ಐ. ಎಂದು ಅದರ ಹೆಸರು. ಅದರ ನಂಬರು ಏನೆಂದು ಕೇಳಿ. ಮಗುವಿಗೆ ಸಿಕ್ಕುವ ಎರಡೂ ಬಗೆಯ ಕ್ಲಿಪ್ಪನ್ನು ಕಣ್ಣಿಗೆ ತೋರಿಸಿ, ನೋವು ಎಷ್ಟು, ಎಷ್ಟು ಸಲ ಪೇಟೆಗೆ ಬರಬೇಕು, ಬಸ್ ಛಾರ್ಜು ಯಾರದು, ಸಂಶೋಧನೆ ಮುಗಿದ ಮೇಲೆ ಉಳಿದ ಚಿಕಿತ್ಸೆಯನ್ನು ಪೂರ್ತಿ ಮಾಡಿಕೊಡುವರೇ ಎಂದು ಕೇಳಿ. ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಅರ್ಧ ಜರುಗಿದ ಹಲ್ಲು ಅರ್ಧ ಉತ್ತ ಹೊಲಕ್ಕಿಂತ ಕಷ್ಟ. ಸಂಶೋಧನೆಗೆಂದೇ ಮಾಡುವ ಪರೀಕ್ಷೆಗಳಿಗೆ ತಮ್ಮಿಂದ ಹಣ ಕೇಳುವಂತಿಲ್ಲ. ಅದರಿಂದಲೇ ಮಗುವಿಗೆ ಅಪಾಯವಾದರೆ ಚಿಕಿತ್ಸೆಯೂ ಪರಿಹಾರವೂ ಸಲ್ಲಬೇಕು.

ಓದುಬರಹ ಬಾರದವರು ಹೆಬ್ಬೆಟ್ಟು ಒತ್ತುವಾಗ, ಸಂಶೋಧನೆಗೆ ಸಂಬಂಧಪಡದ, ಓದಬಲ್ಲ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ಕಾಗದವನ್ನು ಪೂರ್ತಿ ಓದಿ ಹೇಳಿದ್ದಾರೆಂದು ಅವರು ಸಹಿ ಮಾಡಬೇಕು. ಒಂದು ಪ್ರತಿ ತಮ್ಮ ಕೈಗೆ ಬರಬೇಕು. ಏಳು ವರ್ಷ ದಾಟಿದ ಮಗುವನ್ನೂ ಕೇಳಬೇಕೆಂಬ ನಿಯಮವಿದೆ: ಹನ್ನೆರಡರವರೆಗೆ ಬಾಯಿಮಾತಿನ ಒಪ್ಪಿಗೆ, ಅದರ ಮೇಲ್ಪಟ್ಟು ಬರೆದುಕೊಟ್ಟ ಒಪ್ಪಿಗೆ. "ಅಪ್ಪ ಹೇಳಿದರಾಯಿತು, ಮಗುವನ್ನೇನು ಕೇಳುವುದು" ಎಂದು ಕೆಲವರು ನಗಬಹುದು. ಎರಡು ವರ್ಷ ಬಾಯಲ್ಲಿ ತಂತಿ ಇಟ್ಟುಕೊಳ್ಳುವವರು ಅಪ್ಪನಲ್ಲವಲ್ಲ!

ಒಪ್ಪದಿದ್ದರೂ ಹಲ್ಲು ನೋಡಿಸಿಕೊಳ್ಳುವ ಹಕ್ಕು ಮಗುವಿಗೆ ಇದ್ದೇ ಇದೆ. ಇಂದು ಒಪ್ಪಿ ನಾಳೆ ಬೇಡವೆನ್ನುವುದಕ್ಕೂ ಅಡ್ಡಿಯಿಲ್ಲ, ಕಾರಣ ಕೊಡಬೇಕಾಗಿಯೂ ಇಲ್ಲ. ನನ್ನನ್ನು ಕೇಳಿದರೆ, ಮೇಲಿನ ಪ್ರಶ್ನ್ನೆಗಳಿಗೆ ನೇರವಾದ ಉತ್ತರ ಬಂದಲ್ಲಿ ಒಪ್ಪುವುದರಲ್ಲಿ ಕೆಡುಕಿಲ್ಲವೆಂದೇ ಹೇಳುತ್ತೇನೆ. ಎಂಟು ವರ್ಷಕ್ಕೇ ಆತುರ ಬೇಡವೆಂದು ನಾನು ಈಗ ಧೈರ್ಯವಾಗಿ ಹೇಳಲು ಸಾಧ್ಯವಾದದ್ದು, ಯಾವುದೋ ದೇಶದ ಕೆಲವು ನೂರು ತಂದೆತಾಯಿಗಳು ಚೀಟಿಗೆ ಒಪ್ಪಿದ್ದರಿಂದ. ಉತ್ತರ ಹಾರಿಸಿದರೆ ಸಹಿ ಮಾಡಬೇಡಿ.

ಇನ್ನೆರಡು ಸಣ್ಣ ಮಾತು. ಕೆಲವು ಮಕ್ಕಳ ಹಲ್ಲಿನ ಮೇಲೆ ಸುಣ್ಣದಂತಹ ಬಿಳಿ ಗೆರೆ, ಕಂದು ಕಲೆ ಕಾಣುತ್ತವೆ. ಕ್ಲಿಪ್ಪಿನಿಂದ ಅದು ಹೋಗುವುದಿಲ್ಲ. ಕೋಲಾರ, ಪಾವಗಡ, ಮುಂಡರಗಿ ಮುಂತಾದ ಕಡೆ ಆಳದ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಇಂಥ ಕಲೆ ಬರುವುದುಂಟು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ, ಕುದಿಸಿದರೂ ಅದು ಹೋಗುವುದಿಲ್ಲ. ಕಲೆ ಕಂಡ ಮನೆಯವರು ತಮ್ಮ ನೀರು ಯಾವ ಬಾವಿಯದೆಂದು ನನಗೆ ತಿಳಿಸಿದರೆ ಮಾದರಿ ತೆಗೆದು ಪರೀಕ್ಷೆಗೆ ಕಳುಹಿಸಬಹುದು.

ಇನ್ನೊಂದು, ಆಟದಲ್ಲಿ ಬಿದ್ದು ಮಗುವಿನ ಮುಂದಿನ ಹಲ್ಲು ಬೇರುಸಹಿತ ಕಿತ್ತುಬಂದರೆ ಎಸೆಯಬೇಡಿ. ಅದು ಹಾಲುಹಲ್ಲಾಗಿರದೆ ಎರಡನೆಯ ಸಲ ಹುಟ್ಟಿದ್ದಾದರೆ ಉಳಿಸಬಹುದು. ಬೇರನ್ನು ಮುಟ್ಟದೆ ಮೇಲ್ಭಾಗವನ್ನು ಹಿಡಿದು ಎತ್ತಿ, ಮಣ್ಣಾಗಿದ್ದರೆ ಕ್ಷಣಕಾಲ ನೀರಿನಲ್ಲಿ ಅಲ್ಲಾಡಿಸಿ, ಉಜ್ಜಬೇಡಿ. ಸಾಧ್ಯವಾದರೆ ಅದೇ ಗುಳಿಯಲ್ಲಿ ಕೂರಿಸಿ ಬಟ್ಟೆ ಕಚ್ಚಿಸಿ. ಆಗದಿದ್ದರೆ ಒಂದು ಲೋಟ ಹಾಲಿನಲ್ಲಿ ಹಾಕಿಕೊಂಡು ಹಲ್ಲಿನ ಡಾಕ್ಟರ ಬಳಿಗೆ ಓಡಿ. ಒಂದು ಗಂಟೆಯೊಳಗೆ ಮುಟ್ಟಿದರೆ ಭರವಸೆ ಹೆಚ್ಚು. ಹಾಲು ನಮ್ಮ ಊರಿನ ಎಲ್ಲ ಮನೆಗಳಲ್ಲಿಯೂ ಸಿಕ್ಕುತ್ತದೆ, ಹಸುವನ್ನು ಮಾರದಿದ್ದರೆ.

ಶಿಬಿರದ ಹಿಂದಿನ ಸಂಜೆ ನಾನೂ ಮುಖ್ಯೋಪಾಧ್ಯಾಯರೂ ಶಾಲೆಯ ಜಗಲಿಯಲ್ಲಿ ಇರುತ್ತೇವೆ. ಯಾರಿಗೆ ಕಾಗದ ಓದಿಸಿಕೊಳ್ಳಬೇಕಾಗಿದೆಯೋ ಅವರು ಸಹಿ ಮಾಡದೆ ಹಾಗೆಯೇ ತನ್ನಿ. ಮಗುವನ್ನೂ ಜೊತೆಗೆ ಕರೆತನ್ನಿ. ಈಗ ತಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು.